ಸೀಸವಿಲ್ಲದ ಸೀಸದ ಕಡ್ಡಿ

ಪೆನ್ಸಿಲಿಗೆ ನಮ್ಮ ಹಿರಿಯರು ‘ಸೀಸದ ಕಡ್ಡಿ’ ಎಂದು ಹೆಸರಿಟ್ಟರು. ಆದರೆ ಆ ಕಡ್ಡಿಯಲ್ಲಿ ಸೀಸದ ಲವಲೇಶವೂ ಇಲ್ಲ. ಇದು ಕನ್ನಡಿಗರು ಮಾಡಿದ ತಪ್ಪಲ್ಲ, ಇಂಗ್ಲಿಷಿನ ದಾರಿಯಲ್ಲಿ ನಮಗೆ ಬಂದದ್ದು. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಬಾರೊಡೇಲ್ ಕಣಿವೆಯಲ್ಲಿ ಮುಟ್ಟಿದರೆ ಕೈಗೆ ಕಪ್ಪು ಅಂಟುವ ನುಣುಪಾದ ಖನಿಜವೊಂದು ದೊರೆಯಿತು. ಜನ ಅದನ್ನು ಸೀಸದ ಒಂದು ಬಗೆಯೆಂದೇ ತಿಳಿದು ‘ಕರಿಸೀಸ’ ಎಂದು ಕರೆದರು. 1779ರಲ್ಲಿ ಸ್ವೀಡನ್ನಿನ ರಸಾಯನಜ್ಞ ಕಾರ್ಲ್ ವಿಲ್‌ಹೆಲ್ಮ್ ಷೀಲೆ ಅದು ಇಂಗಾಲವೇ ಹೊರತು ಸೀಸವಲ್ಲವೆಂದು ತೋರಿಸಿಕೊಟ್ಟನು. ಹತ್ತು ವರ್ಷಗಳ ಮೇಲೆ, 1789ರಲ್ಲಿ, ಜರ್ಮನಿಯ ಖನಿಜಶಾಸ್ತ್ರಜ್ಞ ವರ್ನರ್ ‘ಬರೆ’ ಎಂಬರ್ಥದ ಗ್ರೀಕ್ ಧಾತುವಿನಿಂದ ‘ಗ್ರಾಫೈಟ್’ ಎಂಬ ಹೆಸರನ್ನು ಕಟ್ಟಿದನು. ಬರೆಯುವ ಕಲ್ಲು ಎಂಬುದೇ ಅದರ ಅರ್ಥ. ವಿದ್ವಾಂಸರು ತಿದ್ದಿಕೊಂಡರು, ಜನರ ನಾಲಗೆ ಮಾತ್ರ ಸೀಸವನ್ನು ಬಿಡಲಿಲ್ಲ.

ಈ ಬರೆಯುವ ಕಲ್ಲು ಕಳೆದ ಕೆಲವು ವರ್ಷಗಳಿಂದ ಜಗತ್ತಿನ ಭೌತವಿಜ್ಞಾನಿಗಳ ನಿದ್ದೆಗೆಡಿಸಿದೆ. ಅದರ ಒಂದು ಪದರದ ಮೇಲೆ ಇನ್ನೊಂದು ಪದರವನ್ನು ತುಸು ಓರೆಯಾಗಿ ಇರಿಸಿದರೆ, ಅದರೊಳಗಿನ ಎಲೆಕ್ಟ್ರಾನುಗಳು ಯಾರೂ ನಿರೀಕ್ಷಿಸದ ರೀತಿಯಲ್ಲಿ ನಡೆದುಕೊಳ್ಳುತ್ತವೆ. ನಾನು ವಿಜ್ಞಾನ ಓದಿದವನಲ್ಲ. ವ್ಯಾಕರಣ, ಛಂದಸ್ಸುಗಳನ್ನು ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಕಥೆಯನ್ನು ಓದಿ ತಿಳಿಯುತ್ತ ಹೋದಂತೆ, ಇದು ಪರಿಚಿತವಾದ ಒಂದು ಪ್ರಶ್ನೆಯ ಚರಿತ್ರೆಯೆಂದು ನನಗೆ ತೋರಿತು. ಒಂದೊಂದನ್ನೇ ಬಿಡಿಯಾಗಿ ತಿಳಿದರೆ ಇಡಿಯನ್ನು ತಿಳಿದಂತಾಯಿತೇ? ಎಂಬುದೇ ಆ ಪ್ರಶ್ನೆ. ಆ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಇಂದಿನ ಉದ್ದೇಶ.

ಗ್ರಾಫೈಟು ಬರೆಯುತ್ತದೆ ಏಕೆ? ಅದು ಹಾಳೆಗಳ ಕಟ್ಟು, ಅದಕ್ಕೆ. ಒಂದೊಂದು ಹಾಳೆಯಲ್ಲಿಯೂ ಇಂಗಾಲದ ಪರಮಾಣುಗಳು ಜೇನುಹಟ್ಟಿಯ ಕಣ್ಣುಗಳಂತೆ ಆರಾರು ಮೂಲೆಗಳಲ್ಲಿ ನಿಂತು, ಒಂದನ್ನೊಂದು ಬಲವಾಗಿ ಹಿಡಿದುಕೊಂಡಿವೆ. ಹಾಳೆಗೂ ಹಾಳೆಗೂ ನಡುವಣ ಹಿಡಿತ ಮಾತ್ರ ದುರ್ಬಲ. ಕಾಗದದ ಮೇಲೆ ಎಳೆದರೆ ಪದರಗಳು ಜಾರಿ ಅಂಟಿಕೊಳ್ಳುತ್ತವೆ. ಅದೇ ನಮ್ಮ ಅಕ್ಷರ. ಒಂದು ಮಿಲಿಮೀಟರ್ ದಪ್ಪದ ಗ್ರಾಫೈಟಿನಲ್ಲಿ ಸುಮಾರು 30 ಲಕ್ಷ ಹಾಳೆಗಳಿರುತ್ತವೆ. ಈ ರಚನೆಯನ್ನು 1924ರಲ್ಲಿ ಕ್ಷಕಿರಣಗಳ ನೆರವಿನಿಂದ ಸ್ಪಷ್ಟವಾಗಿ ಕಂಡವರು ಇಂಗ್ಲೆಂಡಿನ ಜೆ. ಡಿ. ಬರ್ನಲ್.

ನಮ್ಮ ದೇಶದವರೂ ಈ ಕಥೆಯಲ್ಲಿ ಬರುತ್ತಾರೆ. ಸರ್ ಸಿ. ವಿ. ರಾಮನ್ ಅವರ ಸಹೋದ್ಯೋಗಿಯಾಗಿದ್ದ ಕೆ. ಎಸ್. ಕೃಷ್ಣನ್ ಅವರು ಕಲ್ಕತ್ತೆಯಲ್ಲಿ ಎನ್. ಗಂಗೂಲಿಯವರೊಡನೆ ಗ್ರಾಫೈಟಿನ ಹರಳುಗಳನ್ನು ಪರೀಕ್ಷಿಸಿದರು. ವಿದ್ಯುತ್ತು ಹಾಳೆಯ ಉದ್ದಗಲಕ್ಕೆ ಸಲೀಸಾಗಿ ಹರಿಯುತ್ತದೆ, ಹಾಳೆಯಿಂದ ಹಾಳೆಗೆ ದಾಟಲು ಮಾತ್ರ ಬಹಳ ತಿಣುಕುತ್ತದೆ ಎಂದು ಅವರು 1939ರಲ್ಲಿ ಪ್ರಕಟಿಸಿದರು. ಎಂದರೆ, ಗ್ರಾಫೈಟಿನ ಎಲೆಕ್ಟ್ರಾನುಗಳು ಬಹುಮಟ್ಟಿಗೆ ತಮ್ಮ ತಮ್ಮ ಹಾಳೆಯಲ್ಲಿಯೇ ಬಾಳುತ್ತವೆ.

ಹಾಗಿದ್ದಲ್ಲಿ ಒಂದೇ ಒಂದು ಹಾಳೆಯನ್ನು ಬಿಡಿಸಿ ತೆಗೆದರೆ ಅದರಲ್ಲಿ ಎಲೆಕ್ಟ್ರಾನು ಹೇಗೆ ಚಲಿಸೀತು? 1947ರಲ್ಲಿ ಕೆನಡಾ ದೇಶದ ಚಾಕ್ ರಿವರ್ ಪ್ರಯೋಗಾಲಯದಲ್ಲಿದ್ದ ಪಿ. ಆರ್. ವಾಲೆಸ್ ಇದನ್ನು ಲೆಕ್ಕ ಹಾಕಿದರು. ಆಗ ಅಣುಸ್ಥಾವರಗಳಲ್ಲಿ ಗ್ರಾಫೈಟಿನ ಬಳಕೆ ಬಹಳವಾಗಿತ್ತು. ಅದರ ಗುಣಗಳನ್ನು ತಿಳಿಯುವುದು ಅಗತ್ಯವಾಗಿತ್ತು. ಒಂಟಿ ಹಾಳೆ ಎಂಬುದು ಅವರಿಗೆ ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿಕೊಂಡ ವಸ್ತು. ಅಂಥದು ಬಿಡಿಯಾಗಿ ನಿಲ್ಲಲಾರದೆಂದು ಲಾಂಡಾವ್ ಮತ್ತು ಪೈಯರ್ಲ್ಸ್ ಎಂಬ ಮಹಾವಿದ್ವಾಂಸರು 1930ರ ದಶಕದಲ್ಲಿಯೇ ವಾದಿಸಿದ್ದರು. ಇಲ್ಲದ ವಸ್ತುವಿನ ವಿಷಯವಾಗಿ ಮಾಡಿದ ಆ ಲೆಕ್ಕ 57 ವರ್ಷಗಳ ಕಾಲ ತನ್ನ ವಸ್ತುವಿಗಾಗಿ ಕಾದುಕೊಂಡಿತ್ತು.

2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿನ ತುಣುಕಿಗೆ ಅಂಟುಪಟ್ಟಿಯನ್ನು ಒತ್ತಿ ಕೀಳುವುದು, ಕಿತ್ತುದನ್ನು ಮತ್ತೆ ಒತ್ತಿ ಕೀಳುವುದು, ಹೀಗೆ ಪದರ ಪದರವಾಗಿ ತೆಳುಗೊಳಿಸುತ್ತ ಹೋಗಿ ಕೊನೆಗೆ ಒಂದೇ ಪರಮಾಣು ದಪ್ಪದ ಹಾಳೆಯನ್ನು ಪಡೆದರು. ಅದಕ್ಕೆ ಗ್ರಾಫೀನ್ ಎಂದು ಹೆಸರು. ವಾಲೆಸರ ಲೆಕ್ಕ ಸರಿಯಾಗಿಯೇ ಇತ್ತು. 2010ರಲ್ಲಿ ಗೈಮ್ ಮತ್ತು ನೊವೊಸೆಲೊವ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಕೈಗೆ ಬಂದ ಚೂರು ಒಂಟಿ ಹಾಳೆಯೋ, ಎರಡು ಮೂರು ಹಾಳೆಗಳದೋ ಎಂದು ಗುರುತಿಸಲು ಇಂದು ಪ್ರಯೋಗಾಲಯಗಳು ನಂಬುವ ಪರೀಕ್ಷೆಗಳಲ್ಲಿ ಮುಖ್ಯವಾದುದು, 1928ರಲ್ಲಿ ರಾಮನ್ ಮತ್ತು ಕೃಷ್ಣನ್ ಕಂಡ ಆ ಬೆಳಕಿನ ಚದುರುವಿಕೆಯೇ, ಅಂದರೆ ರಾಮನ್ ಪರಿಣಾಮವೇ, ಎಂಬುದನ್ನು ಇಲ್ಲಿ ನೆನೆಯಬೇಕು.

ಇಷ್ಟಾದರೂ ಒಂದು ಕೊರತೆಯಿತ್ತು. ಒಂಟಿ ಹಾಳೆಯಲ್ಲಿ ಎಲೆಕ್ಟ್ರಾನುಗಳ ವೇಗ ಸೆಕೆಂಡಿಗೆ ಸುಮಾರು 1,000 ಕಿಲೋಮೀಟರು. ಬೆಳಕಿನ ವೇಗದ 300ರಲ್ಲಿ ಒಂದು ಪಾಲು. ಇಷ್ಟು ವೇಗವಾಗಿ ಓಡುವವು ಒಂದನ್ನೊಂದು ಹೆಚ್ಚಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಲ್ಲ ಎಲೆಕ್ಟ್ರಾನುಗಳಲ್ಲಿಯೂ ಒಂದೇ ಜಾತಿಯ ವಿದ್ಯುದಂಶವಿರುವುದರಿಂದ ಅವು ಪರಸ್ಪರ ದೂಡಿಕೊಳ್ಳಲೇಬೇಕು. ಆದರೆ ಓಟದ ಶಕ್ತಿ ದೊಡ್ಡದಾಗಿ, ದೂಡಾಟದ ಶಕ್ತಿ ಅದರ ಮುಂದೆ ಚಿಕ್ಕದಾದಾಗ, ಒಂದು ಎಲೆಕ್ಟ್ರಾನಿನ ಕಥೆಯನ್ನು ಹೇಳಿದರೆ ಎಲ್ಲವುಗಳ ಕಥೆಯನ್ನೂ ಹೇಳಿದಂತೆಯೇ. ತಾಮ್ರ, ಬೆಳ್ಳಿಗಳಂಥ ಲೋಹಗಳ ಶಾಸ್ತ್ರ ಬಹುಮಟ್ಟಿಗೆ ಹೀಗೆ ಬೆಳೆದುದು. ವಾಲೆಸರ ಲೆಕ್ಕವೂ ಇಂಥದೇ.

ಈ ವಿಧಾನಕ್ಕೆ ಮೊದಲ ಪೆಟ್ಟು ಬಿದ್ದದ್ದು 1937ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ನಡೆದ ಒಂದು ವಿಚಾರಗೋಷ್ಠಿಯಲ್ಲಿ. ನಿಕಲ್ ಆಕ್ಸೈಡ್ ಎಂಬ ವಸ್ತು ಶಾಸ್ತ್ರದ ಪ್ರಕಾರ ವಿದ್ಯುತ್ತನ್ನು ಹರಿಯಗೊಡಬೇಕು, ಆದರೆ ವಾಸ್ತವದಲ್ಲಿ ಅದು ಅವಾಹಕ, ಎಂದು ಡಚ್ ವಿಜ್ಞಾನಿಗಳಾದ ಡಿ ಬೂರ್ ಮತ್ತು ಫರ್ವೆ ತಿಳಿಸಿದರು. ಎಲೆಕ್ಟ್ರಾನುಗಳ ಪರಸ್ಪರ ದೂಡಾಟವನ್ನು ಕೈಬಿಟ್ಟದ್ದರಿಂದಲೇ ಶಾಸ್ತ್ರ ಸೋತಿತು ಎಂದು ಪೈಯರ್ಲ್ಸ್ ಸೂಚಿಸಿದರು. ಆ ಸೂಚನೆಯನ್ನು ನೆವಿಲ್ ಮಾಟ್ ಬೆಳೆಸಿದರು. ನಮ್ಮ ಊಟದ ಪಂಕ್ತಿಯನ್ನು ನೆನೆಯಿರಿ. ಒಂದೊಂದು ಎಲೆಯ ಮುಂದೆ ಒಬ್ಬೊಬ್ಬರು ಕುಳಿತಿದ್ದಾರೆ. ಒಂದು ಎಲೆಯ ಮುಂದೆ ಇಬ್ಬರು ಕೂಡುವುದನ್ನು ಯಾರೂ ಸಹಿಸುವುದಿಲ್ಲ. ಆಗ ಸಾಲಿಗೆ ಸಾಲೇ ತುಂಬಿರುತ್ತದೆ, ಆದರೆ ಯಾರೊಬ್ಬರೂ ಅಲುಗಾಡಲಾರರು. ಅವರನ್ನು ಯಾವ ಗೋಡೆಯೂ ತಡೆದಿಲ್ಲ, ನೆರೆಯವನೇ ತಡೆ. ಮಾಟರ ಹೆಸರಿನ ಅವಾಹಕ ಇದೇ.

ಹತ್ತಾರು ವರ್ಷ ಇದು ತಜ್ಞರ ವಿಷಯವಾಗಿಯೇ ಉಳಿಯಿತು. 1986ರಲ್ಲಿ ಪರಿಸ್ಥಿತಿ ಬದಲಾಯಿತು. ಕೆಲವು ವಸ್ತುಗಳು ಬಹಳ ತಣ್ಣಗಾದಾಗ ವಿದ್ಯುತ್ತಿಗೆ ಒಡ್ಡುವ ತಡೆ ಸಂಪೂರ್ಣ ಇಲ್ಲವಾಗುತ್ತದೆ. ಇದೇ ಅತಿವಾಹಕತೆ, ಹಾಲೆಂಡಿನ ಕಾಮರ್ಲಿಂಗ್ ಓನ್ಸ್ 1911ರಲ್ಲಿ ಪಾದರಸದಲ್ಲಿ ಕಂಡದ್ದು. ಅದಕ್ಕೆ 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ಒಪ್ಪಿತವಾದ ವಿವರಣೆ ಕೊಟ್ಟರು. ಆದರೆ 1986ರಲ್ಲಿ ಜ್ಯೂರಿಕ್ ಬಳಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ತಾಮ್ರದ ಆಕ್ಸೈಡಿನ ವಸ್ತುವೊಂದರಲ್ಲಿ ಅತಿವಾಹಕತೆಯನ್ನು ಕಂಡಾಗ ಆ ವಿವರಣೆ ಸಾಲದಾಯಿತು. ಇಂಥ ವಸ್ತುಗಳ ಮೂಲರೂಪ ಮಾಟ್ ಅವಾಹಕ. ಪಂಕ್ತಿಯಿಂದ ಕೆಲವರನ್ನು ಎಬ್ಬಿಸಿದರೆ ಸಾಲು ಸಡಿಲವಾಗಿ, ಉಳಿದವರು ನಡೆಯತೊಡಗುವುದಷ್ಟೇ ಅಲ್ಲ, ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತಾರೆ. ಏಕೆ ಎಂಬುದಕ್ಕೆ ಸರ್ವಸಮ್ಮತವಾದ ಉತ್ತರ ಇಂದಿಗೂ ಇಲ್ಲ. ಉತ್ತರ ದೊರೆತರೆ ನಷ್ಟವಿಲ್ಲದೆ ವಿದ್ಯುತ್ತನ್ನು ಸಾಗಿಸುವ ವಸ್ತುಗಳನ್ನು ತಿಳಿದು ತಿಳಿದು ಕಟ್ಟಬಹುದು. ತೊಡಕೆಂದರೆ, ಇಂಥ ವಸ್ತುವಿನಲ್ಲಿ ಎಲೆಕ್ಟ್ರಾನುಗಳ ಎಣಿಕೆಯನ್ನು ಹೆಚ್ಚು ಕಡಿಮೆ ಮಾಡಲು ಪ್ರತಿ ಸಲವೂ ಹೊಸ ಹರಳನ್ನು ಬೇರೆ ಬೆರಕೆಯಲ್ಲಿ ಬೆಳೆಸಬೇಕು. ಎಣಿಕೆಯನ್ನು ಬೇಕಾದಂತೆ ತಿರುವಬಲ್ಲ ಒಂದು ಸರಳ ವಸ್ತು ಬೇಕಾಗಿತ್ತು. ಅದು ಸೀಸದ ಕಡ್ಡಿಯಲ್ಲಿದ್ದೀತೆಂದು ಯಾರಿಗೆ ತಾನೇ ಹೊಳೆದೀತು?

ಇಲ್ಲಿ ಕಥೆ ರೇಷ್ಮೆಯ ಕಡೆಗೆ ತಿರುಗುತ್ತದೆ. ನೀರಿನ ಅಲೆಯಂತೆ ನೆರಳು ಬೆಳಕು ಆಡುವ ಒಂದು ಬಗೆಯ ರೇಷ್ಮೆ ಬಟ್ಟೆಗೆ ಫ್ರೆಂಚರು ‘ಮ್ವಾರೆ’ ಎನ್ನುತ್ತಾರೆ. ಆ ಮಾತಿನ ಮೂಲವನ್ನು ನಿಘಂಟುಕಾರರು ಅರಬ್ಬಿಯವರೆಗೆ ಒಯ್ಯುತ್ತಾರೆ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ತುಸು ಓರೆ ಮಾಡಿ ನೋಡಿ. ಯಾವ ಪರದೆಯಲ್ಲಿಯೂ ಇಲ್ಲದ ದೊಡ್ಡ ದೊಡ್ಡ ಚಿತ್ತಾರ ಕಣ್ಣಿಗೆ ಬೀಳುತ್ತದೆ. ಓರೆ ಕಡಿಮೆಯಾದಷ್ಟೂ ಚಿತ್ತಾರದ ಕಣ್ಣು ದೊಡ್ಡದು. ಸಂಗೀತ ಬಲ್ಲವರಿಗೆ ಇದು ಹೊಸದಲ್ಲ. ತಂಬೂರಿಯ ಎರಡು ತಂತಿಗಳು ಇನ್ನೇನು ಶ್ರುತಿ ಕೂಡಬೇಕು ಎನ್ನುವಾಗ, ಯಾವ ತಂತಿಯದೂ ಅಲ್ಲದ ನಿಧಾನವಾದ ಒಂದು ತೂಗು ಕಿವಿಗೆ ಕೇಳುತ್ತದೆ. ಅಂತರ ಕಿರಿದಾದಷ್ಟೂ ಆ ತೂಗು ನಿಧಾನ. ಇಂಥ ಚಿತ್ತಾರವನ್ನು ಬಹು ಸೂಕ್ಷ್ಮವಾದ ಗೆರೆಫಲಕಗಳ ದೋಷ ಪತ್ತೆಹಚ್ಚಲು ಬಳಸಬಹುದೆಂದು ಲಾರ್ಡ್ ರ್‍ಯಾಲೆ 1874ರಲ್ಲಿಯೇ ಹೇಳಿದ್ದರು.

ಎರಡು ಗ್ರಾಫೀನ್ ಹಾಳೆಗಳನ್ನು ಓರೆಯಾಗಿ ಇರಿಸಿದಾಗಲೂ ಇದೇ ಚಿತ್ತಾರ ಮೂಡುತ್ತದೆ. ಓರೆ 1.1 ಡಿಗ್ರಿಯಷ್ಟಿದ್ದರೆ, ಚಿತ್ತಾರದ ಒಂದು ಕಣ್ಣಿನ ಅಗಲ ಸುಮಾರು 13 ನ್ಯಾನೊಮೀಟರು. ಅದರೊಳಗೆ ಎರಡು ಹಾಳೆಗಳದೂ ಸೇರಿ 11,000ಕ್ಕೂ ಹೆಚ್ಚು ಪರಮಾಣುಗಳು. ಇಷ್ಟೊಂದು ಪರಮಾಣುಗಳ ನಡುವೆ ಎಲೆಕ್ಟ್ರಾನಿನ ನಡೆಯನ್ನು ಲೆಕ್ಕ ಹಾಕುವುದು ಸುಲಭವಲ್ಲ. 2007ರಲ್ಲಿ ಪೋರ್ಚುಗಲ್ ಮೂಲದ ಲೋಪೆಸ್ ಡಾಸ್ ಸಾಂಟೋಸ್ ಮತ್ತು ಜೊತೆಯವರು ದಾರಿ ತೆರೆದರು. ಹಾಳೆಗಳನ್ನು ಓರೆ ಮಾಡಿದರೆ ಎಲೆಕ್ಟ್ರಾನುಗಳು ನಿಧಾನವಾಗುತ್ತವೆ ಎಂದು ಅವರಿಗೆ ಕಂಡಿತು. 2010ರಲ್ಲಿ ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ಇವಾ ಆಂದ್ರೈ ಅವರ ತಂಡ, ಓರೆಯೊಡನೆ ಎಲೆಕ್ಟ್ರಾನುಗಳ ಶಕ್ತಿಯ ಹಂಚಿಕೆಯೇ ಬದಲಾಗುವುದನ್ನು ಪ್ರಯೋಗದಲ್ಲಿ ಕಂಡಿತು.

2011ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಲನ್ ಮ್ಯಾಕ್‌ಡೊನಾಲ್ಡ್ ಮತ್ತು ಅವರೊಡನೆ ಸಂಶೋಧನೆಗೆ ಬಂದಿದ್ದ ಇಸ್ರೇಲಿನ ರಫಿ ಬಿಸ್ಟ್ರಿಟ್ಸರ್ ಲೆಕ್ಕವನ್ನು ಬಹಳ ಸರಳಗೊಳಿಸಿದರು. ಎಲೆಕ್ಟ್ರಾನು ತನ್ನ ಹಾಳೆಯೊಳಗೆ ಓಡುತ್ತದೆ; ಆಗಾಗ ಮತ್ತೊಂದು ಹಾಳೆಗೆ ನೆಗೆಯುತ್ತದೆ. ಓರೆ ಸುಮಾರು 1.1 ಡಿಗ್ರಿಗೆ ಬಂದಾಗ ಈ ಓಟವೂ ನೆಗೆತವೂ ಒಂದನ್ನೊಂದು ಸರಿತೂಗಿ, ವೇಗ ಸೊನ್ನೆಗಿಳಿಯುತ್ತದೆ. ಸೆಕೆಂಡಿಗೆ ಸಾವಿರ ಕಿಲೋಮೀಟರು ಓಡುತ್ತಿದ್ದುದು ನಿಂತೇಬಿಡುತ್ತದೆ ಎಂದಂತೆ. ಆ ಕೋನಕ್ಕೆ ಅವರು ‘ಮಾಂತ್ರಿಕ ಕೋನ’ವೆಂದು ಹೆಸರಿಟ್ಟರು.

ಓಟ ನಿಂತ ಮೇಲೆ ಆಗುವುದೇನು? ಅಲ್ಲಿಯವರೆಗೆ ಚಿಕ್ಕದಾಗಿದ್ದ ದೂಡಾಟವೇ ಈಗ ದೊಡ್ಡದಾಗುತ್ತದೆ. ನೆರೆಹೊರೆಯ ಗೊಡವೆಯಿಲ್ಲದೆ ಓಡುತ್ತಿದ್ದ ಎಲೆಕ್ಟ್ರಾನುಗಳಿಗೆ ನೆರೆಹೊರೆಯೇ ಸರ್ವಸ್ವವಾಗುತ್ತದೆ. ಒಂದರ ನಡೆಯನ್ನು ಉಳಿದ ಎಲ್ಲವುಗಳ ನಡೆ ನಿರ್ಧರಿಸುತ್ತದೆ. ವ್ಯಾಕರಣ ಓದಿದವರಿಗೆ ಸಂಧಿಯ ಪ್ರಕರಣ ಜ್ಞಾಪಕಕ್ಕೆ ಬಂದೀತು. ಅಕ್ಷರಗಳನ್ನು ಬಿಡಿಬಿಡಿಯಾಗಿ ಎಷ್ಟು ಪರೀಕ್ಷಿಸಿದರೂ ಲೋಪ, ಆಗಮ, ಆದೇಶಗಳು ಅವುಗಳಲ್ಲಿ ಕಾಣುವುದಿಲ್ಲ. ಅವು ಅಕ್ಷರ ಅಕ್ಷರದೊಡನೆ ಕೂಡಿದಾಗ ಮಾತ್ರ ಹುಟ್ಟುವಂಥವು.

ಆದರೆ ಈ ಲೆಕ್ಕಕ್ಕೆ ಕೂಡಲೇ ಹೆಚ್ಚಿನ ಗಮನ ದೊರೆಯಲಿಲ್ಲ. ಅಷ್ಟು ಸರಳವಾದ ಲೆಕ್ಕವನ್ನು ನಂಬಬಹುದೇ ಎಂಬುದು ಒಂದು ಸಂದೇಹ. ಒಂದು ಡಿಗ್ರಿಯ ಹತ್ತರಲ್ಲೊಂದು ಪಾಲಿನಷ್ಟೂ ತಪ್ಪದೆ ಪರಮಾಣು ದಪ್ಪದ ಹಾಳೆಗಳನ್ನು ಯಾರು ಜೋಡಿಸಬಲ್ಲರು ಎಂಬುದು ಇನ್ನೊಂದು. ಸಾಲದುದಕ್ಕೆ, ಸಣ್ಣ ಓರೆಯಲ್ಲಿಟ್ಟ ಹಾಳೆಗಳು ಬಿಸಿ ತಾಗಿದರೆ ಹೊರಳಿ ತಮ್ಮ ಸಹಜವಾದ ಜೋಡಣೆಗೆ ಮರಳಲು ಹವಣಿಸುತ್ತವೆ.

ಇದಕ್ಕೆ ಉಪಾಯ ಅದೇ ಟೆಕ್ಸಾಸಿನಲ್ಲಿ, ಎಮಾನುಯೆಲ್ ಟುಟುಕ್ ಅವರ ತಂಡದಿಂದ ಬಂದಿತು, 2016ರಲ್ಲಿ ಪ್ರಕಟವಾಯಿತು. ಎರಡು ಬೇರೆ ಹಾಳೆಗಳನ್ನು ತಂದು ಜೋಡಿಸಹೊರಟರೆ ಯಾವುದರ ದಿಕ್ಕು ಯಾವುದೆಂದು ತಿಳಿಯದು. ಆದುದರಿಂದ ಒಂದೇ ಹಾಳೆಯನ್ನು ಹರಿಯಬೇಕು. ಬೋರಾನ್ ನೈಟ್ರೈಡ್ ಎಂಬ ಹರಳಿನ ತೆಳುಚೂರನ್ನು ಹಾಳೆಯ ಅರ್ಧಭಾಗಕ್ಕೆ ಒತ್ತಿ ಎತ್ತಿದರೆ ಆ ಅರ್ಧ ಹರಿದು ಮೇಲೆ ಬರುತ್ತದೆ. ಕೆಳಗುಳಿದ ಅರ್ಧವನ್ನು ಬೇಕಾದ ಕೋನಕ್ಕೆ ತಿರುಗಿಸಿ, ಎತ್ತಿದ ಅರ್ಧವನ್ನು ಅದರ ಮೇಲೆ ಇಳಿಸಬೇಕು. ಒಂದೇ ಹಾಳೆಯ ಎರಡು ತುಂಡುಗಳಾದುದರಿಂದ ಕೋನದಲ್ಲಿ ಸಂದೇಹವಿಲ್ಲ. ಅಗತ್ಯವಾದ ಬೋರಾನ್ ನೈಟ್ರೈಡ್ ಹರಳುಗಳನ್ನು ಜಪಾನಿನ ತ್ಸುಕುಬದ ತಾನಿಗುಚಿ ಮತ್ತು ವಾತಾನಾಬೆ ಎಂಬ ಇಬ್ಬರು ವಿಜ್ಞಾನಿಗಳು ಬೆಳೆಸಿ ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ಕಳುಹಿಸಿಕೊಡುತ್ತ ಬಂದಿದ್ದಾರೆ.

ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ಪೇನ್ ದೇಶದವರಾದ ಪಾಬ್ಲೊ ಹಾರಿಯೊ ಹೆರೇರೊ ಅವರ ತಂಡ ಈ ಕೋನದ ಬೆನ್ನು ಹತ್ತಿತ್ತು. ಅವರ ಬಳಿ ಚೀನಾದಿಂದ ಬಂದ ಯುವಾನ್ ಚಾವ್ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿಯಿದ್ದ. 2018ರ ಮಾರ್ಚ್ 5ರಂದು ಆ ತಂಡದ ಎರಡು ಪ್ರಬಂಧಗಳು ‘ನೇಚರ್’ ಪತ್ರಿಕೆಯಲ್ಲಿ ಒಟ್ಟಿಗೆ ಬಂದವು. ಹಾಳೆಗಳ ಬಳಿ ಇರಿಸಿದ ಲೋಹದ ಫಲಕಕ್ಕೆ ಕೊಡುವ ವಿದ್ಯುತ್ತಿನ ಒತ್ತಡವನ್ನು ಬದಲಿಸಿ ಅವರು ಎಲೆಕ್ಟ್ರಾನುಗಳ ಎಣಿಕೆಯನ್ನು ಹೆಚ್ಚು ಕಡಿಮೆ ಮಾಡಿದರು. ಚಿತ್ತಾರದ ಒಂದೊಂದು ಕಣ್ಣಿನಲ್ಲಿ ನಾಲ್ಕು ಎಲೆಕ್ಟ್ರಾನುಗಳಿಗೆ ಸ್ಥಳವಿದೆ. ಎರಡು ತುಂಬಿದಾಗ, ಎಂದರೆ ಅರ್ಧ ಮಾತ್ರ ತುಂಬಿದಾಗ, ಒಂಟಿ ಎಲೆಕ್ಟ್ರಾನಿನ ಶಾಸ್ತ್ರದ ಪ್ರಕಾರ ವಿದ್ಯುತ್ತು ಹರಿಯಬೇಕು. ಹರಿಯಲಿಲ್ಲ, ವಸ್ತು ಅವಾಹಕವಾಯಿತು. ಎಣಿಕೆಯನ್ನು ಅಲ್ಲಿಂದ ತುಸು ಸರಿಸಿದೊಡನೆ, 1.7 ಕೆಲ್ವಿನ್ ಉಷ್ಣತೆಯಲ್ಲಿ, ಎಂದರೆ ಮಂಜುಗಡ್ಡೆಯ ಸೊನ್ನೆಗಿಂತ 271 ಡಿಗ್ರಿಗೂ ಕೆಳಗೆ, ತಡೆಯೇ ಇಲ್ಲವಾಯಿತು. ಇಂಗಾಲವಲ್ಲದೆ ಅದರಲ್ಲಿ ಬೇರೆ ಯಾವ ವಸ್ತುವೂ ಇರಲಿಲ್ಲ. ತಾಮ್ರದ ಆಕ್ಸೈಡುಗಳಲ್ಲಿ ನೂರು ಹರಳುಗಳನ್ನು ಬೆಳೆಸಿ ಕಾಣಬೇಕಾಗಿದ್ದುದನ್ನು ಇಲ್ಲಿ ಒಂದು ತಿರುಪನ್ನು ತಿರುವಿ ಕಾಣಬಹುದಾಯಿತು.

ಆಮೇಲಿನದನ್ನು ಬೇಗ ಹೇಳಬಹುದು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಈ ಕೆಲಸಕ್ಕೆ ಇಳಿದವು. 2019ರಲ್ಲಿ ಸ್ಟ್ಯಾನ್‌ಫರ್ಡಿನವರು ಇದೇ ಹಾಳೆಗಳಲ್ಲಿ ಅಯಸ್ಕಾಂತದ ಗುಣವನ್ನು ಕಂಡರು. ಕಬ್ಬಿಣದ ಸೋಂಕೂ ಇಲ್ಲದ ಕಡೆ, ಎಲೆಕ್ಟ್ರಾನುಗಳ ಚಲನೆಯಿಂದ ಮಾತ್ರ ಹುಟ್ಟಿದ ಅಯಸ್ಕಾಂತವದು. 2020ರಲ್ಲಿ ಬಿಸ್ಟ್ರಿಟ್ಸರ್, ಹಾರಿಯೊ ಹೆರೇರೊ, ಮ್ಯಾಕ್‌ಡೊನಾಲ್ಡ್ ಮೂವರಿಗೂ ಇಸ್ರೇಲಿನ ವುಲ್ಫ್ ಪ್ರಶಸ್ತಿ ಬಂದಿತು. ಅಷ್ಟು ಹೊತ್ತಿಗೆ ಬಿಸ್ಟ್ರಿಟ್ಸರ್ ವಿಶ್ವವಿದ್ಯಾಲಯವನ್ನು ಬಿಟ್ಟು ಕೈಗಾರಿಕೆಯ ಉದ್ಯೋಗಕ್ಕೆ ಸೇರಿದ್ದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಈ ಓರೆ ಹಾಳೆಗಳನ್ನು ತಯಾರಿಸಿ ಪರೀಕ್ಷಿಸಿದ್ದಾರೆ. ಹಾಳೆಯ ಒಂದು ಕೊನೆಯನ್ನು ಮತ್ತೊಂದಕ್ಕಿಂತ ಬೆಚ್ಚಗಿಟ್ಟಾಗ ಹುಟ್ಟುವ ವಿದ್ಯುತ್ತಿನ ಒತ್ತಡ ಒಂಟಿ ಎಲೆಕ್ಟ್ರಾನಿನ ಲೆಕ್ಕವನ್ನು ಬಹಳವಾಗಿ ಮೀರುತ್ತದೆ, ಅದಕ್ಕೆ ಎಲೆಕ್ಟ್ರಾನುಗಳ ಪರಸ್ಪರ ವರ್ತನೆಯೇ ಕಾರಣ, ಎಂದು ಅವರು 2022ರಲ್ಲಿ ಪ್ರಕಟಿಸಿದರು. ಕೃಷ್ಣನ್ ಅವರು ಗ್ರಾಫೈಟಿನ ವಿದ್ಯುತ್ತನ್ನು ಅಳೆದ 83 ವರ್ಷಗಳ ಮೇಲೆ ನಡೆದ ಕೆಲಸವಿದು.

ಹಾಗೆಂದು ಸಮಸ್ಯೆ ಬಗೆಹರಿಯಿತೆಂದು ತಿಳಿಯಬಾರದು. ಅವಾಹಕ ಸ್ಥಿತಿಯೇ ಅತಿವಾಹಕತೆಯ ತಾಯಿ ಎಂದು ಮೊದಮೊದಲು ಹಲವರು ಭಾವಿಸಿದರು. 2020ರಲ್ಲಿ ಬಾರ್ಸಿಲೋನಾದ ತಂಡವೊಂದು ಹಾಳೆಗಳ ತೀರ ಸಮೀಪಕ್ಕೆ ವಾಹಕ ಪದರವನ್ನು ತಂದು ಎಲೆಕ್ಟ್ರಾನುಗಳ ದೂಡಾಟವನ್ನು ತಗ್ಗಿಸಿತು. ಆಗ ಅವಾಹಕ ಸ್ಥಿತಿ ಮಾಯವಾಯಿತು, ಅತಿವಾಹಕತೆ ಉಳಿಯಿತು. ಹಾಗಾದರೆ ಇವೆರಡಕ್ಕೂ ಇರುವ ಸಂಬಂಧವೇನು? ದೂಡಿಕೊಳ್ಳುವ ಸ್ವಭಾವದ ಎಲೆಕ್ಟ್ರಾನುಗಳು ಜೊತೆಗೂಡಿ ನಡೆಯುವಂತೆ ಮಾಡುವ ಅಂಟು ಯಾವುದು? ಹರಳಿನ ಕಂಪನವೋ, ದೂಡಾಟದಿಂದಲೇ ಹುಟ್ಟಿದ ಮತ್ತೊಂದು ಬಗೆಯ ಒಲವೋ? ವಾದ ಮುಗಿದಿಲ್ಲ. ಇದಲ್ಲದೆ, ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಒಂದೇ ಹಾಳೆಜೋಡಿಯ ನಕ್ಷೆ ತೆಗೆದಾಗ, ಓರೆಯ ಕೋನ ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸವಾಗುವುದು ಕಂಡಿತು. ಒಂದೇ ಪಾಠವನ್ನು ಸಾರುವ ಎರಡು ಓಲೆಪ್ರತಿಗಳು ಸಿಗದಿದ್ದರೆ ಸಂಪಾದಕನ ಪಾಡೇನೆಂದು ನಮಗೆ ಗೊತ್ತು. ಈ ವಿಜ್ಞಾನಿಗಳ ಪಾಡೂ ಅದೇ; ಒಂದು ಜೋಡಿ ಇನ್ನೊಂದರಂತಿಲ್ಲ.

ಈ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇಷ್ಟು. ಇಂಗಾಲ ಹೊಸದಲ್ಲ, ಎಲೆಕ್ಟ್ರಾನೂ ಹೊಸದಲ್ಲ. ಬಿಡಿಯಾದ ಹಾಳೆಯ ಗುಣವನ್ನು 1947ರಲ್ಲಿಯೇ ತಿಳಿದಿದ್ದರು, 2004ರಲ್ಲಿ ಕೈಯಲ್ಲಿ ಹಿಡಿದೂ ಆಗಿತ್ತು. ಆದರೂ ಅವಾಹಕ, ಅತಿವಾಹಕ, ಅಯಸ್ಕಾಂತ ಎಂಬ ಮೂರು ಬಾಳುಗಳು ಅದರೊಳಗೆ ಅಡಗಿದ್ದುದು ಯಾರಿಗೂ ತಿಳಿದಿರಲಿಲ್ಲ. ಏಕೆಂದರೆ ಅವು ಹಾಳೆಯಲ್ಲಿರಲಿಲ್ಲ, ಹಾಳೆಗೂ ಹಾಳೆಗೂ ನಡುವಣ ಒಂದು ಡಿಗ್ರಿಯ ಓರೆಯಲ್ಲಿದ್ದವು. ಎಲೆಕ್ಟ್ರಾನಿನಲ್ಲಿರಲಿಲ್ಲ, ಎಲೆಕ್ಟ್ರಾನುಗಳ ಸಹವಾಸದಲ್ಲಿದ್ದವು. ಬಿಡಿಯನ್ನು ತಿಳಿದೆವು ಎಂಬ ನೆಮ್ಮದಿ ಇಡಿಯ ಮುಂದೆ ನಿಲ್ಲದು.

ಇನ್ನೊಂದು ಮಾತು, ಹೆಸರಿನ ಬಗ್ಗೆ. ಅರ್ಧ ತುಂಬಿದಾಗ ಕಂಡ ಆ ಸ್ಥಿತಿಯನ್ನು ‘ಮಾಟ್ ಅವಾಹಕ’ ಎಂದು ಕರೆದುಬಿಡುವುದು ಸುಲಭವಾಗಿತ್ತು. ಆದರೆ 2018ರ ಪ್ರಬಂಧದ ಕರ್ತೃಗಳು ‘ಮಾಟ್ ಅವಾಹಕದಂಥ’ ಎಂದಷ್ಟೇ ಬರೆದರು. ಅನಂತರದವರು, ಎಲೆಕ್ಟ್ರಾನುಗಳ ಪರಸ್ಪರ ಸಂಬಂಧದಿಂದ ಉಂಟಾದ ಅವಾಹಕ ಎಂಬರ್ಥದ ಹೆಸರನ್ನೇ ಹೆಚ್ಚಾಗಿ ಬಳಸುತ್ತಿದ್ದಾರೆ. ಆ ‘ಅಂಥ’ ಎಂಬ ಪುಟ್ಟ ಪದದಲ್ಲಿರುವ ಎಚ್ಚರ ನನಗೆ ಮೆಚ್ಚುಗೆಯಾಯಿತು. ಬಾರೊಡೇಲಿನ ಕರಿಯ ಕಲ್ಲನ್ನು ಸೀಸವೆನ್ನದೆ ‘ಸೀಸದಂಥದು’ ಎಂದು ಯಾರಾದರೂ ಅಂದು ಕರೆದಿದ್ದರೆ, ಅದು ನಿಜವಾಗಿ ಏನೆಂದು ಕೇಳುವವರು ಷೀಲೆಗಿಂತ ಮೊದಲೇ ಹುಟ್ಟುತ್ತಿದ್ದರೋ ಏನೋ.